ಪಿಲಾಟೆಸ್: ಹೆಸರಿಗಿಂತ ಹಿಂದಿನ ಕಥೆ

ಚಾಪೆಯ ಮೇಲೆ ಅಂಗಾತ ಮಲಗಿ ಕಾಲುಗಳನ್ನು ಓರೆಯಾಗಿ ಮೇಲೆತ್ತಬೇಕು. ತಲೆ, ಭುಜ ನೆಲ ಬಿಟ್ಟಿರಬೇಕು. ಮೈಯ ಪಕ್ಕದಲ್ಲಿ ನೀಳವಾಗಿ ಚಾಚಿದ ಕೈಗಳನ್ನು ನೀರು ತಟ್ಟುವ ಹಾಗೆ ಆಡಿಸುತ್ತ ಐದು ಎಣಿಕೆ ಉಸಿರು ಒಳಕ್ಕೆ, ಐದು ಎಣಿಕೆ ಹೊರಕ್ಕೆ. ಹೀಗೆ ಹತ್ತು ಸುತ್ತು. ನೂರು ಬಡಿತವಾಗುವುದರಿಂದ ಇದರ ಹೆಸರು 'ಹಂಡ್ರೆಡ್'. ನೆಗೆತವಿಲ್ಲ, ಮಂಡಿಗೆ ಪೆಟ್ಟಿಲ್ಲ; ಆದರೂ ಹೊಸಬರ ಹೊಟ್ಟೆ ಎಪ್ಪತ್ತರ ಹೊತ್ತಿಗೇ ನಡುಗತೊಡಗುತ್ತದೆ.

ಇದು ಪಿಲಾಟೆಸ್‌ನ ಮೊದಲ ಪಾಠ. ಆದರೆ ಇದನ್ನು ರೂಪಿಸಿದ ಜೋಸೆಫ್ ಪಿಲಾಟೆಸ್ ತಮ್ಮ ವಿದ್ಯೆಗೆ ಇಟ್ಟ ಹೆಸರು 'ಕಂಟ್ರಾಲಜಿ'. ದೇಹ ಮನಸ್ಸಿನ ಹತೋಟಿಯಲ್ಲಿರಬೇಕು ಎಂಬುದು ಅದರ ತಿರುಳು.

1883ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ಅವರನ್ನು ಬಾಲ್ಯದಲ್ಲಿ ಉಬ್ಬಸ, ರಿಕೆಟ್ಸ್ ಕಾಡಿದ್ದವಂತೆ. ಮೊದಲ ಮಹಾಯುದ್ಧ ಶುರುವಾದಾಗ ಇದ್ದದ್ದು ಇಂಗ್ಲೆಂಡಿನಲ್ಲಿ. ಶತ್ರುದೇಶದವರೆಂದು ಹಿಡಿದು, ಕೊನೆಗೆ ಐಲ್ ಆಫ್ ಮ್ಯಾನ್ ದ್ವೀಪದ ನಾಕಲೋ ಶಿಬಿರಕ್ಕೆ ತಳ್ಳಿದರು. ಇಪ್ಪತ್ತು ಸಾವಿರಕ್ಕೂ ಹೆಚ್ಚು ಮಂದಿ ಮುಳ್ಳುತಂತಿಯೊಳಗೆ ಕೊಳೆಯುತ್ತಿದ್ದ ಜಾಗವದು. ಅಲ್ಲಿ ರೋಗಿಗಳ ಮಂಚಕ್ಕೆ ಸ್ಪ್ರಿಂಗ್ ಕಟ್ಟಿ ವ್ಯಾಯಾಮ ಮಾಡಿಸಿದರು, ಅವರ ಶಿಷ್ಯರನ್ನು 1918ರ ಇನ್‌ಫ್ಲುಯೆಂಜಾ ಮುಟ್ಟಲೇ ಇಲ್ಲ ಎಂಬ ಕಥೆಗಳಿವೆ. ಎರಡನೆಯದನ್ನಂತೂ ದಂತಕಥೆಯ ಕಪಾಟಿನಲ್ಲಿಡುವುದು ಲೇಸು. ಅವರ ಉಪಕರಣದಲ್ಲಿ ಸ್ಪ್ರಿಂಗ್ ಇರುವುದು ಮಾತ್ರ ನಿಜ: ಮರದ ಚೌಕಟ್ಟಿನೊಳಗೆ ಜಾರುವ ಹಲಗೆ, ಅದನ್ನು ಹಿಂದಕ್ಕೆಳೆಯುವ ಸ್ಪ್ರಿಂಗುಗಳು. ಅವರ ಹೆಸರಾಂತ ಉಪಕರಣ 'ರಿಫಾರ್ಮರ್' ಇಷ್ಟೇ. ತೂಕ ಎತ್ತುವ ಬದಲು ಎಳೆತಕ್ಕೆ ಎದುರಾಗಿ ನಿಧಾನ ಚಲಿಸುವುದು, ವಾಪಸು ಬರುವಾಗಲೂ ಕೈಬಿಡದಿರುವುದು; ಕಷ್ಟವಿರುವುದು ಆ ವಾಪಸು ಬರುವುದರಲ್ಲೇ.

1926ರಲ್ಲಿ ಅವರು ನ್ಯೂಯಾರ್ಕಿಗೆ ಹೋದರು. ಸಂಗಾತಿ ಕ್ಲಾರಾ ಜೊತೆ ಎಂಟನೇ ಅವೆನ್ಯೂದಲ್ಲಿ ತೆರೆದ ಸ್ಟುಡಿಯೋಗೆ ಹೆಚ್ಚಾಗಿ ಬಂದವರು ನರ್ತಕರು. ನೃತ್ಯ ಸಂಯೋಜಕರಾದ ಜಾರ್ಜ್ ಬಾಲಂಚಿನ್, ಮಾರ್ಥಾ ಗ್ರಹಾಂ ಅವರಂಥವರ ನಂಟೂ ಬೆಳೆಯಿತು. ಉಳುಕಿದ ಕಾಲಿಗೆ ಭಾರ ಹಾಕದೆ ಮೈ ಪಳಗಿಸುವ ದಾರಿ ನರ್ತಕರಿಗೆ ಬೇಕಿತ್ತು. 1934ರಲ್ಲಿ ಜೋಸೆಫರ 'ಯುವರ್ ಹೆಲ್ತ್' ಪುಸ್ತಕ ಬಂತು. ಅದೇ ವರ್ಷ ಮೈಸೂರಿನಲ್ಲಿ ಯೋಗಗುರು ಟಿ. ಕೃಷ್ಣಮಾಚಾರ್ಯರ 'ಯೋಗ ಮಕರಂದ' ಕನ್ನಡದಲ್ಲಿ ಅಚ್ಚಾಯಿತು. ಎರಡರಲ್ಲೂ ಉಸಿರಿಗೆ ದೊಡ್ಡ ಮಣೆ. ಹಾಗಂತ ಒಂದರಿಂದ ಇನ್ನೊಂದು ಹುಟ್ಟಿತೆಂದು ನಂಟು ಹೊಸೆಯುವ ಆತುರ ಬೇಡ.

1967ರಲ್ಲಿ ಜೋಸೆಫ್ ತೀರಿಕೊಂಡರು. ಶಿಷ್ಯರ ಬಾಯಲ್ಲಿ ಕಂಟ್ರಾಲಜಿ ಮರೆಯಾಗಿ ಗುರುವಿನ ಹೆಸರೇ ನಿಂತಿತು. ಆ ಹೆಸರಿನ ಒಡೆತನಕ್ಕೆ ವ್ಯಾಜ್ಯವೂ ನಡೆಯಿತು. ಯೋಗ, ಕರಾಟೆಗಳಂತೆ ಇದೂ ಒಂದು ವ್ಯಾಯಾಮ ಪದ್ಧತಿಯ ಹೆಸರು, ಯಾರೊಬ್ಬರ ಸ್ವತ್ತಲ್ಲ ಎಂದು 2000ದಲ್ಲಿ ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯ ತೀರ್ಪಿತ್ತಿತು. ಅಂದಿನಿಂದ ಯಾರು ಬೇಕಾದರೂ ಬೋರ್ಡ್ ಹಾಕಬಹುದು; ಬೋರ್ಡಿನ ಹಿಂದೆ ಕಲಿಸುವುದು ಮಾತ್ರ ಒಂದೇ ಅಲ್ಲ.

ಪ್ರಯೋಜನದ ಲೆಕ್ಕ ಹಾಕುವಾಗ ಇದು ನೆನಪಿರಬೇಕು. ಸೊಂಟನೋವಿನ ಬಗ್ಗೆ ವೈದ್ಯಕೀಯ ಪ್ರಯೋಗಗಳನ್ನು ಒಟ್ಟಾಗಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2015ರ ಪರಿಶೀಲನೆ 10 ಪ್ರಯೋಗಗಳ 510 ಮಂದಿಯನ್ನು ಗಮನಿಸಿತು. ಸುಮ್ಮನಿರುವುದಕ್ಕಿಂತ ಪಿಲಾಟೆಸ್ ನೋವನ್ನು ತಗ್ಗಿಸಬಹುದು. ಉಳಿದ ವ್ಯಾಯಾಮಗಳಿಗಿಂತ ಮೇಲೆಂಬುದಕ್ಕೆ ಗಟ್ಟಿ ಪುರಾವೆಯಿಲ್ಲ. ಮೂಳೆ ಸವೆದು ಟೊಳ್ಳಾದವರು ಬೆನ್ನನ್ನು ಮುಂದಕ್ಕೆ ಬಾಗಿಸುವ ಭಂಗಿಗಳಿಂದ ದೂರವಿರಬೇಕು. ಅಂಥವರಿಗೆ 'ಹಂಡ್ರೆಡ್' ಮಾಡಿಸುವಾಗ ಬಲ್ಲ ಶಿಕ್ಷಕರು ತಲೆಯನ್ನು ಚಾಪೆಯ ಮೇಲೇ ಇರಿಸಿ, ಕೈಯನ್ನಷ್ಟೇ ಆಡಿಸುತ್ತಾರೆ.