ನ್ಯಾಯಪೀಠವನ್ನು ಪ್ರಶ್ನಿಸಿದ ಗುರು

ಸಂದೇಹವಾದಿ ಎಂದೊಡನೆ ದೇವರನ್ನೂ ಪವಾಡಗಳನ್ನೂ ಪ್ರಶ್ನಿಸುವವನೇ ನಿಮ್ಮ ನೆನಪಿಗೆ ಬರಬಹುದು. ಆದರೆ ಸಂದೇಹಕ್ಕೆ ತಕ್ಕ ಸ್ಥಳಗಳು ಬೇರೆಯೂ ಇವೆ.

1620ರ ದಶಕದ ಜರ್ಮನಿಯಲ್ಲಿ ಮಾಟಗಾತಿಯರೆಂಬ ಆರೋಪ ಹೊರಿಸಿ ಸಾವಿರಾರು ಜನರನ್ನು ಸುಡಲಾಯಿತು. ಕಥೋಲಿಕರೂ ಪ್ರೊಟೆಸ್ಟಂಟರೂ ಇದರಲ್ಲಿ ಭಾಗಿಗಳು. ವುರ್ಟ್ಸ್‌ಬುರ್ಗ್, ಬಾಂಬೆರ್ಗ್‌ಗಳನ್ನು ಆಳುತ್ತಿದ್ದವರು ಬಿಷಪರೇ ಎಂಬುದನ್ನು ನಾವು ಮರೆಮಾಚಲಾಗದು.

1631ರಲ್ಲಿ ರಿಂಟೆಲ್ನ್ ಪಟ್ಟಣದಲ್ಲಿ ಕರ್ತೃವಿನ ಹೆಸರಿಲ್ಲದ ಲತೀನ್ ಗ್ರಂಥವೊಂದು ಅಚ್ಚಾಯಿತು. ಬರೆದವರು ಯೇಸುಸಭೆಯ ಗುರು ಫ್ರೀಡ್ರಿಕ್ ಸ್ಪೇ. ಮಾಟಗಾತಿಯರೇ ಇಲ್ಲವೆಂದು ಅವರು ವಾದಿಸಲಿಲ್ಲ. ಇಂದಿನ ವಿಚಾರವಾದಿಗೆ ಇದು ಅರೆಮನಸ್ಸಿನ ಸಂದೇಹವೆನಿಸೀತು. ಆದರೆ ಈ ಹೆಂಗಸು ಅಪರಾಧಿಯೆಂದು ತಿಳಿದುದು ಹೇಗೆ ಎಂದು ಅವರು ನ್ಯಾಯಾಧೀಶರನ್ನೇ ಕೇಳಿದರು. ಅಂಜಿದರೆ ತಪ್ಪಿತಸ್ಥೆ, ಅಂಜದಿದ್ದರೂ ತಪ್ಪಿತಸ್ಥೆ. ದುರ್ನಡತೆಯವಳಾದರೆ ಅದೇ ಸಾಕ್ಷ್ಯ. ಸದ್ಗುಣಿಯಾದರೆ ಅದು ನಟನೆ. ಚಿತ್ರಹಿಂಸೆ ತಾಳಲಾರದೆ ಒಪ್ಪಿಕೊಂಡವಳು ಜೊತೆಗಾರರ ಹೆಸರನ್ನೂ ಹೇಳಬೇಕು. ಬಳಿಕ ಅವರಿಗೂ ಅದೇ ಹಿಂಸೆ. ಮಾಟಗಾತಿಯರ ಸಂಖ್ಯೆ ಬೆಳೆದುದು ಹೀಗೆ! ತಾವು ಸಾವಿನ ತನಕ ಜೊತೆಗೆ ನಡೆದವರಲ್ಲಿ ಒಬ್ಬರೂ ಅಪರಾಧಿಯೆಂದು ತಮಗೆ ತೋರಲಿಲ್ಲವೆಂದು ಅವರು ಬರೆದರು.

1635ರಲ್ಲಿ ಟ್ರಿಯರ್ ನಗರದಲ್ಲಿ ರೋಗಪೀಡಿತ ಸೈನಿಕರ ಶುಶ್ರೂಷೆ ಮಾಡುತ್ತ, ಅದೇ ಸೋಂಕು ತಗುಲಿ, 44ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. 1701ರಲ್ಲಿ ಲೂಥರನ್ ನ್ಯಾಯಶಾಸ್ತ್ರಜ್ಞ ಕ್ರಿಸ್ಟಿಯಾನ್ ಥೊಮಾಸಿಯುಸ್ ಇಂತಹ ವಿಚಾರಣೆಗಳ ವಿರುದ್ಧ ಬರೆದಾಗ ಅವರಿಗೆ ಆಸರೆಯಾದವುಗಳಲ್ಲಿ ಈ ಕಥೋಲಿಕ ಗುರುವಿನ ಗ್ರಂಥವೂ ಒಂದು.