ಪ್ರವಾಸ ದಿನಚರಿ ಪುಸ್ತಕ (ಕೈತಯಾರಿಕೆ)

ಪ್ರವಾಸ ದಿನಚರಿ ಪುಸ್ತಕ: ಪ್ರವಾಸದಲ್ಲಿ ಕಂಡದ್ದನ್ನು ಬರೆಯಲು, ಚಿತ್ರಿಸಲು, ಟಿಕೆಟ್, ಛಾಯಾಚಿತ್ರ, ಒಣ ಎಲೆ ಮುಂತಾದವನ್ನು ಅಂಟಿಸಿಡಲು ಹಾಳೆಗಳನ್ನು ಕೈಯಲ್ಲೇ ಹೊಲಿದು, ಅಲಂಕೃತ ರಟ್ಟು ಹಾಕಿ ಕಟ್ಟುವ ಪುಸ್ತಕ. ಇದು ಮಡಿಲ ಮೇಲೆ ಪೂರ್ತಿ ತೆರೆದುಕೊಳ್ಳಬೇಕು, ಅಂಟಿಸಿದಂತೆಲ್ಲ ದಪ್ಪವಾಗಲು ಎಡೆ ಇರಬೇಕು, ಚೀಲದೊಳಗಿನ ಉಜ್ಜಾಟವನ್ನು ತಾಳಬೇಕು. ಕಾಗದ, ಹೊಲಿಗೆ, ಅಲಂಕಾರಗಳ ಆಯ್ಕೆ ಈ ಮೂರು ಅಗತ್ಯಗಳನ್ನು ಅನುಸರಿಸುತ್ತದೆ.

ಪೂರ್ವರೂಪಗಳು

ಹೊಲಿಗೆಯಿಲ್ಲದೆ ಹಿಂದುಮುಂದಾಗಿ ಮಡಚುವ ಪುಸ್ತಕ ಅತಿ ಸರಳ ರೂಪ. ಜಪಾನಿನ ಯಾತ್ರಿಕರು ದೇಗುಲಗಳ ಕೆಂಪು ಮುದ್ರೆ, ಶಾಯಿಯ ಕೈಬರಹಗಳನ್ನು ಸಂಗ್ರಹಿಸುವ ‘ಗೋಶುಯಿನ್‌ಚೋ’ ಹೀಗೆಯೇ ಮಡಚಿಕೊಳ್ಳುತ್ತದೆ. ಅದರ ರಟ್ಟಿಗೆ ಹೆಚ್ಚಾಗಿ ಜರತಾರಿ ಬಟ್ಟೆ ಹೊದಿಸಿರುತ್ತದೆ. ಕರ್ನಾಟಕದ ‘ಕಡತ’ವೂ ಇದೇ ಬಗೆಯದು: ಹುಣಸೆಬೀಜದ ಸರಿ ಮತ್ತು ಇದ್ದಿಲಿನ ಪುಡಿ ಬಳಿದ ಬಟ್ಟೆಯನ್ನು ಮಡಿಕೆ ಮಾಡಿ ಬಳಪದಲ್ಲಿ ಬರೆಯುತ್ತಿದ್ದರು. ಫಾರಂಗಳನ್ನು (ಮಡಿಸಿದ ಹಾಳೆಗಳ ಕಟ್ಟುಗಳನ್ನು) ಸರಪಳಿ ಹೊಲಿಗೆಯಿಂದ ಒಂದಕ್ಕೊಂದು ಹೆಣೆಯುವ ಕಾಪ್ಟಿಕ್ ಪದ್ಧತಿ ಈಜಿಪ್ಟಿನ ಆದಿ ಕ್ರೈಸ್ತರದು. ಬೆನ್ನಿಗೆ ಅಂಟು ಹಾಕದಿರುವುದರಿಂದ ಪುಟಗಳು ಸಮತಟ್ಟಾಗಿ ತೆರೆಯುತ್ತವೆ. ಇಂದಿನ ಹವ್ಯಾಸಿಗಳಲ್ಲಿ ಇದು ಬಹು ಬಳಕೆಯ ಹೊಲಿಗೆ.

ಕಾಗದ ಮತ್ತು ಹೊಲಿಗೆ

ಬರವಣಿಗೆ ಹಾಗೂ ತೆಳು ಜಲವರ್ಣಕ್ಕೆ ಚದರ ಮೀಟರಿಗೆ 120–160 ಗ್ರಾಂ ತೂಗುವ ಕಾಗದ ಸಾಕು. ಜಲವರ್ಣವೇ ಮುಖ್ಯವಾದರೆ 300 ಗ್ರಾಂನದು ಬೇಕು. ಗಿರಣಿ ಕಾಗದದ ನಾರುಗಳು ಒಂದೇ ದಿಕ್ಕಿಗೆ ಸಾಲುಗೊಂಡಿರುತ್ತವೆ. ಆ ದಿಕ್ಕು ಪುಸ್ತಕದ ಬೆನ್ನಿಗೆ ಸಮಾಂತರವಾಗಿರದಿದ್ದರೆ ಪುಟಗಳು ಸೆಟೆದು ನಿಲ್ಲುತ್ತವೆ. ಎ4 ಹಾಳೆಯ ನಾರು ಸಾಮಾನ್ಯವಾಗಿ ಉದ್ದಕ್ಕಿರುವುದರಿಂದ, ಅದನ್ನು ಅಡ್ಡ ಮಡಿಸಿ ಎ5 ಪುಸ್ತಕ ಮಾಡುವುದು ಸರಿಹೋಗದು. ಉದ್ದ ನಾರಿನ ಎ3 ಹಾಳೆಯನ್ನು ಅಡ್ಡಲಾಗಿ ಎರಡು ಮಾಡಿ ಮಡಿಸಿದರೆ ದಿಕ್ಕು ಸರಿಯಾಗುತ್ತದೆ. ಕೈಕಾಗದದಲ್ಲಿ ಈ ತೊಡಕು ಅತ್ಯಲ್ಪ.

ನಾಲ್ಕು ಹಾಳೆಗಳನ್ನು ಒಂದರೊಳಗೊಂದಿಟ್ಟು ಮಡಿಸಿದರೆ 16 ಪುಟಗಳ ಒಂದು ಫಾರಂ. ಆರು ಫಾರಂಗಳಿಗೆ 96 ಪುಟ. ಫಾರಂಗಳ ನಡುವೆ 15–20 ಮಿ.ಮೀ. ಅಗಲದ ಕಾಗದದ ಪಟ್ಟಿಗಳನ್ನು ಸೇರಿಸಿ ಹೊಲಿದರೆ ಬೆನ್ನು ಮೊದಲೇ ದಪ್ಪವಾಗಿರುತ್ತದೆ. ಆಗ ಮುಂದೆ ಅಂಟಿಸುವ ವಸ್ತುಗಳಿಂದ ಪುಸ್ತಕ ಬಾಯ್ಬಿಡುವುದಿಲ್ಲ. ಮಡಿಕೆಯಲ್ಲಿ ದಬ್ಬಣದಿಂದ ಐದು ತೂತು ಚುಚ್ಚಿ, ಜೇನುಮೇಣ ಸವರಿದ ಲಿನನ್ ದಾರದಿಂದ ಹೊಲಿಯುತ್ತಾರೆ.

ರಟ್ಟು

ಸುಮಾರು 2 ಮಿ.ಮೀ. ದಪ್ಪದ ರಟ್ಟನ್ನು ತಲೆ, ಬುಡ, ಮುಂದಿನ ಅಂಚು ಈ ಮೂರು ಬದಿಗಳಲ್ಲಿ ಪುಟಕ್ಕಿಂತ 3 ಮಿ.ಮೀ. ಹೆಚ್ಚಾಗಿ ಕತ್ತರಿಸುತ್ತಾರೆ. ಹೊದಿಕೆಯ ಅಂಚು ಒಳಮಡಿಸಲು 15–20 ಮಿ.ಮೀ. ಬಿಡಬೇಕು. ಮೂಲೆಯನ್ನು 45 ಡಿಗ್ರಿ ಓರೆಯಾಗಿ ಕತ್ತರಿಸುವಾಗ ರಟ್ಟಿನ ದಪ್ಪದ ಒಂದೂವರೆ ಪಟ್ಟು ಅಂತರವಿದ್ದರೆ ಮೂಲೆ ಬೆತ್ತಲಾಗದು. ಒಂದೇ ಬದಿಗೆ ಅಂಟಿಸಿದ ರಟ್ಟು ಆ ಕಡೆಗೆ ಬಾಗುತ್ತದೆ. ಒಳಬದಿಗೂ ಕಾಗದ ಅಂಟಿಸಿ, ಭಾರದಡಿ ರಾತ್ರಿಯಿಡೀ ಒಣಗಿಸಿದರೆ ಸಮನಾಗುತ್ತದೆ. ಕಾಪ್ಟಿಕ್ ಪದ್ಧತಿಯಲ್ಲಿ ರಟ್ಟುಗಳೂ ಫಾರಂಗಳ ಜೊತೆಗೇ ಹೊಲಿಗೆಗೊಳ್ಳುವುದರಿಂದ ಅಲಂಕಾರ ಅದಕ್ಕೂ ಮೊದಲೇ ಮುಗಿದಿರಬೇಕು.

ಅಲಂಕಾರ

ಬಣ್ಣ ಬೆರೆಸಿದ ಗಂಜಿಯನ್ನು ಕಾಗದಕ್ಕೆ ಬಳಿದು, ಹಸಿಯಿರುವಾಗಲೇ ಬಾಚಣಿಗೆಯಿಂದ ಗೆರೆ ಎಳೆಯುವುದು ಸುಲಭ ವಿಧಾನ. ಮಾರ್ಬ್ಲಿಂಗ್‌ನಲ್ಲಿ ಕಡಲಪಾಚಿಯ ಲೋಳೆ ಬೆರೆತ ನೀರಿನ ಮೇಲೆ ಬಣ್ಣ ತೇಲಿಸಿ, ಪಟಿಕದ ನೀರು ಸವರಿ ಒಣಗಿಸಿದ ಕಾಗದಕ್ಕೆ ಆ ವಿನ್ಯಾಸವನ್ನು ಇಳಿಸುತ್ತಾರೆ. ಟರ್ಕಿಯ ಈ ಕಲೆ ‘ಎಬ್ರು’ 2014ರಲ್ಲಿ ಯುನೆಸ್ಕೊದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿತು. 17ನೆಯ ಶತಮಾನದ ಬಿಜಾಪುರದವೆಂದು ಗುರುತಿಸಲಾದ ಚಿತ್ರಗಳಲ್ಲಿ ಮಾರ್ಬ್ಲಿಂಗ್ ಅಂಚಿಗಷ್ಟೇ ಸೀಮಿತವಾಗದೆ ಕುದುರೆಯಂಥ ಆಕೃತಿಗಳ ಮೈಯನ್ನೇ ತುಂಬಿದೆ.

ಬಟ್ಟೆಯ ಹೊದಿಕೆಗೆ ಹಿಂದುಗಡೆ ತೆಳು ಕಾಗದ ಅಂಟಿಸದಿದ್ದರೆ ಗೋಂದು ಮೇಲಕ್ಕೆ ಒಸರುತ್ತದೆ. ಕಸೂತಿಯ ಗವಂತಿ, ಮುರ್ಗಿ ಹೊಲಿಗೆಗಳಿಗೆ ಗಂಟುಗಳಿಲ್ಲ, ಎಳೆ ಬಟ್ಟೆಗೆ ಅಂಟಿದಂತಿರುತ್ತದೆ. ಆದ್ದರಿಂದ ಅವು ರಟ್ಟಿನ ಮೇಲೆ ಉಬ್ಬದೆ ಕೂರುತ್ತವೆ. ಮಣಿ, ಕನ್ನಡಿಚೂರುಗಳು ಚೀಲದಲ್ಲಿ ಬೇಗ ಕಿತ್ತುಬರುತ್ತವೆ.

ಬಾಳಿಕೆ

ಮೈದಾ ಅಂಟಿಗೆ ಹುಳು, ಬೂಷ್ಟು ಬೇಗ ತಗಲುತ್ತವೆ. ಅದನ್ನು ತಡೆಯಲು ಬೈಂಡರುಗಳು ಮೈಲುತುತ್ತ ಬೆರೆಸುವುದುಂಟು. ಅದು ವಿಷವಾದ್ದರಿಂದ ಮನೆಬಳಕೆಗೆ ಪಿವಿಎ ಬಿಳಿ ಅಂಟು ಮೇಲು. ಕಾಪ್ಟಿಕ್ ಪುಸ್ತಕದ ತೆರೆದ ಬೆನ್ನಿನೊಳಕ್ಕೆ ನೀರು, ದೂಳು ಸುಲಭವಾಗಿ ಇಳಿಯುತ್ತವೆ. ಮಳೆಗಾಲದ ತಿರುಗಾಟಕ್ಕೆ ಬೆನ್ನನ್ನೂ ಸುತ್ತುವ ಚರ್ಮದ ಅಥವಾ ದಪ್ಪ ಬಟ್ಟೆಯ ಹೊದಿಕೆ, ಕಟ್ಟಲು ಲಾಡಿ ಇರುವ ರಚನೆಯೇ ಯೋಗ್ಯ.