ಚಿಟ್ಟೆಯ ತೋಳು, ಕಪ್ಪೆಯ ಕಾಲು

ಹಳೇಬೀಡಿನ ದ್ವಾರಸಮುದ್ರ ಕೆರೆಯಂಚಿನಲ್ಲಿ ಕಪ್ಪೆ ಈಜುವುದನ್ನು ಗಮನಿಸಿ. ಹಿಂಗಾಲು ಒದ್ದಾಗ ಮುನ್ನುಗ್ಗುತ್ತದೆ. ಮಡಚಿಕೊಳ್ಳುವಾಗ ವೇಗ ತಗ್ಗುತ್ತದೆ. ಬ್ರೆಸ್ಟ್‌ಸ್ಟ್ರೋಕ್ ಈಜಿನ ತೊಡಕೂ ಇದೇ. ನೀರಿನ ಪ್ರತಿರೋಧ ಸುಮಾರಾಗಿ ವೇಗದ ವರ್ಗಕ್ಕೆ ಅನುಪಾತದಲ್ಲಿರುವುದರಿಂದ ಇಂಥ ಏರಿಳಿತಕ್ಕೆ ಹೆಚ್ಚು ಶಕ್ತಿ ವ್ಯಯವಾಗುತ್ತದೆ.

1930ರ ದಶಕದಲ್ಲಿ ಕೆಲವರು ನಿಯಮದಲ್ಲೊಂದು ಸಂದಿ ಕಂಡರು: ಕೈಗಳನ್ನು ನೀರಿನಡಿ ಮುಂದಕ್ಕೆ ತರುವ ಬದಲು ಗಾಳಿಯಲ್ಲಿ ಬೀಸಿದರು. ಗಾಳಿಯ ಸಾಂದ್ರತೆ ನೀರಿನದಕ್ಕಿಂತ ಸುಮಾರು 800 ಪಟ್ಟು ಕಡಿಮೆ. ಲಾಭವನ್ನು ನೀವೇ ಊಹಿಸಿ. ಅಯೋವಾ ವಿಶ್ವವಿದ್ಯಾಲಯದ ತರಬೇತುದಾರ ಆರ್ಮ್‌ಬ್ರಸ್ಟರ್ ಮತ್ತು ಈಜುಗಾರ ಜ್ಯಾಕ್ ಸೀಗ್ ಇದಕ್ಕೆ ಜೋಡಿಗಾಲುಗಳನ್ನು ಮೇಲೆ ಕೆಳಗೆ ಬಡಿಯುವ ಡಾಲ್ಫಿನ್ ಒದೆತ ಸೇರಿಸಿದರು. ಅದು ಮಾತ್ರ ನಿಯಮಬಾಹಿರವೆನಿಸಿತು. ಹೀಗಾಗಿ ಕೈ ಚಿಟ್ಟೆಯದು, ಕಾಲು ಕಪ್ಪೆಯದು ಎಂಬ ವಿಚಿತ್ರ ಬೆರಕೆ ಉಳಿಯಿತು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಆಸ್ಟ್ರೇಲಿಯದ ಜಾನ್ ಡೇವೀಸ್ 200 ಮೀಟರ್ ಬ್ರೆಸ್ಟ್‌ಸ್ಟ್ರೋಕ್ ಗೆದ್ದದ್ದು ಹೀಗೆಯೇ! ಆಮೇಲೆ ಇವೆರಡನ್ನೂ ಬೇರ್ಪಡಿಸಿದರು. 1956ರ ಮೆಲ್ಬರ್ನ್‌ನಲ್ಲಿ ಬಟರ್‌ಫ್ಲೈ ಪ್ರತ್ಯೇಕ ಸ್ಪರ್ಧೆಯಾಯಿತು, ಡಾಲ್ಫಿನ್ ಒದೆತ ಸಹಿತ.

ಕಪ್ಪೆಗಾಲು ಪೂರ್ತಿ ಅಳಿಯಲಿಲ್ಲ. 25 ವರ್ಷ ಮೇಲ್ಪಟ್ಟವರ ಮಾಸ್ಟರ್ಸ್ ಸ್ಪರ್ಧೆಗಳ ಅಂತರರಾಷ್ಟ್ರೀಯ ನಿಯಮ ಬಟರ್‌ಫ್ಲೈಯಲ್ಲಿ ಅದನ್ನು ಒಪ್ಪುತ್ತದೆ. ಬೇಲೂರು, ಅರಸೀಕೆರೆಗಳ ಕಡೆ ಕೆರೆಬಾವಿಗಳಲ್ಲಿ ಕಪ್ಪೆಯೀಜು ಕಲಿತ ನಡುವಯಸ್ಸಿನ ಶಿಕ್ಷಕರು ಬೆನ್ನು ಬಳುಕಿಸಲಾರದಿದ್ದರೂ ಚಿಂತೆಯಿಲ್ಲ, ಕೈಬೀಸನ್ನು ಕಲಿತರಾಯಿತು. ತಿರುವಿನಲ್ಲಿ ಮಾತ್ರ ಎರಡೂ ಕೈ ಏಕಕಾಲಕ್ಕೆ ಗೋಡೆ ಮುಟ್ಟಬೇಕು.